ಗುಲಾಬಬಿಯ ಹನ್ನೊಂದು ಮೊಳ ಪಟ್ಟಿ

ಒಲೆಯಿಂದ ಒಂದು ಕಟ್ಟಿಗೆಯನ್ನು ಹಿಂದಕ್ಕೆಳೆದು, ಇನ್ನೊಂದನ್ನು ಅರ್ಧ ಬೆರಳು ಒಳಗೆ ತಳ್ಳಿ, ಗುಲಾಬಬಿ ಪಾತ್ರೆಯೊಳಗೆ ಬಗ್ಗಿ ನೋಡುತ್ತಾಳೆ. ನೀರು ಕುದಿಯಬಾರದು. ಬೆರಳು ಅದ್ದಿದರೆ ಚುರ್ರೆನ್ನುವಷ್ಟು ಬಿಸಿಯಿದ್ದರೆ ಸಾಕು. ಕುದಿ ಬಂತೋ, ಉಲ್ಲನ್ ದಾರ ಒಂದಕ್ಕೊಂದು ಅಂಟಿ ಕಂಬಳಿಯ ಚೂರಿನಂತೆ ಗಟ್ಟಿಯಾಗುತ್ತದೆ. ಪಾತ್ರೆಯಲ್ಲಿರುವುದು ಉಳ್ಳಾಗಡ್ಡಿ ಸಿಪ್ಪೆ ಬೇಯಿಸಿ ಸೋಸಿದ ನೀರು, ಅದಕ್ಕೊಂದು ಚೂರು ಪಟಿಕ. ನಡುವೆ ಮುಳುಗೇಳುತ್ತಿದೆ ಅಂಗೈಯಷ್ಟು ಗಾತ್ರದ ಒಂದು ದಾರದ ಲಡಿ. ಒಲೆ ಹೊತ್ತಿಸಿದಾಗ ಬೆಳ್ಳಗಿದ್ದದ್ದು ಈಗ ಹೊನ್ನಿನ ಬಣ್ಣ ದಾಟಿ ಕೆಂಪಿನತ್ತ ಹೊರಳುತ್ತಿದೆ.

ಬೆಟಗೇರಿಯ ಓಣಿಯಲ್ಲಿ ಇನ್ನೂ ಮಗ್ಗದ ಸದ್ದು ಶುರುವಾಗಿಲ್ಲ. ಕಪ್ಪತಗುಡ್ಡದ ಕಡೆಯಿಂದ ಡಿಸೆಂಬರಿನ ಗಾಳಿ ಬೀಸಿ ಒಲೆಯ ಹೊಗೆಯನ್ನು ಆಕೆಯ ಕಣ್ಣಿಗೇ ತರುತ್ತಿದೆ. ಆಕೆಗೆ ಅದರ ಪರಿವೆಯಿಲ್ಲ.

"ಬಂತು, ಬಂತು! ಏನ್ರೀ, ಜಲ್ದಿ ಬರ್ರಿ ಹೊರಗ!"

ಗಂಡ ಖಾಜಾಸಾಬ ಚಾದರ ಹೊದ್ದೇ ಬಂದು ಕೋಲಿನಿಂದ ಲಡಿಯನ್ನೆತ್ತಿ ಬೆಳಕಿಗೆ ಹಿಡಿಯುತ್ತಾನೆ. ಮೂವತ್ತು ವರ್ಷ ನೇಕಾರರ ನೂಲಿಗೆ ಬಣ್ಣ ಹಾಕಿದ ಕೈ ಅದು. ಮೊಣಕೈವರೆಗೆ ಯಾವತ್ತೂ ಯಾವುದಾದರೊಂದು ಬಣ್ಣ ಇದ್ದೇ ಇರುತ್ತದೆ.

"ಬಣ್ಣೇನೋ ಬಂದೈತಿ. ಆದ್ರ ಭಾಳ ನಗತೈತಿ. ಒಂದೀಟು ಸುಮ್ಮನ ಕುಂಡ್ರಸಬೇಕು."

"ಹ್ಯಾಂಗ ಕುಂಡ್ರಸೂದು?"

ಆತ ಹೊಳಪು ತಗ್ಗಿಸಲು ಗೋಡೆಯ ಗೂಡಿನಿಂದ ತುಕ್ಕು ಹಿಡಿದ ಮೊಳೆಯೊಂದನ್ನು ಹುಡುಕಿ, ಪಾತ್ರೆಗೆ ಹಾಕಿ, ಮನಸ್ಸಿನಲ್ಲೇ ಎಣಿಸುತ್ತಾನೆ. "ಆತು, ತಗೀ. ಈಗ ಕುಣೀಬ್ಯಾಡ. ಹಸೀ ಇದ್ದಾಗ ನಂಬಾಕ ಹೋಗಬ್ಯಾಡ, ಒಣಗಿದ ಮ್ಯಾಲ ನೋಡು."

ಒಣಗುವವರೆಗೆ ಕಾಯುವುದೇ ಕಷ್ಟ. ಯಾಕೆಂದರೆ ಈ ಅಂಗೈಯಷ್ಟು ದಾರದ ಬಣ್ಣ ಒಳಗೆ ಕಾದಿರುವ ಸ್ವೇಟರಿಗೆ ಹೊಂದದಿದ್ದರೆ ಇವತ್ತು ಮಧ್ಯಾಹ್ನದೊಳಗೆ ಗುಲಾಬಬಿ ತನ್ನ ಹೆಣಿಗೆಯ ಪಟ್ಟಿಯ ಕೊನೆಯ ನಾಲ್ಕು ಬೆರಳು ಉದ್ದವನ್ನು ಬಿಚ್ಚಬೇಕು. ಹದಿಮೂರು ವರ್ಷದಲ್ಲಿ ಆ ಪಟ್ಟಿಯಿಂದ ಆಕೆ ಒಂದೇ ಒಂದು ಕುಣಿಕೆಯನ್ನೂ ಬಿಚ್ಚಿದವಳಲ್ಲ.

ಮೂವತ್ತಾರು ವರ್ಷದ ಗುಲಾಬಬಿಯ ತವರು ಲಕ್ಷ್ಮೇಶ್ವರ. ಮದುವೆಯಾಗಿ ಬೆಟಗೇರಿಗೆ ಬಂದ ದಿನದಿಂದ ಆಕೆಯ ಬದುಕು ನೂಲಿನ ಜೊತೆಗೇ. ದಿನಕ್ಕೆ ನಲವತ್ತು ಕೊಡ ನೀರು ಸೇದಬೇಕು. ಅರವತ್ತು ಎಪ್ಪತ್ತು ಲಡಿ ಹತ್ತಿ ನೂಲನ್ನು ಹಿಂಡಿ, ಜಾಡಿಸಿ, ಅಂಗಳದ ಬಿದಿರು ಗಳಗಳ ಮೇಲೆ ಹರವಬೇಕು. ಬಿಸಿಲು ಸರಿದಂತೆ ತಿರುವಿ ಹಾಕಬೇಕು. ಆಡು ಬಾಯಿ ಹಾಕದಂತೆ ಕಾಯಬೇಕು. ಅದು ಮನೆ ನಡೆಸುವ ನೂಲು. ಒಮ್ಮೆ ತಿರುವಿ ಹಾಕಿ ಮತ್ತೊಮ್ಮೆ ತಿರುವುವವರೆಗಿನ ಬಿಡುವು ಮಾತ್ರ ಆಕೆಯದು. ಗಳದ ನೆರಳಿನಲ್ಲಿ ಗೋಣಿಚೀಲ ಹಾಸಿ ಕೂತರೆ ಆ ಬಿಡುವಿನಲ್ಲಿ ಹದಿನೆಂಟು ಸಾಲು ಹೆಣಿಗೆ ಮುಗಿಯುತ್ತದೆ.

"ಗಡಿಯಾರ ಬ್ಯಾಡ ನನಗ," ಎನ್ನುತ್ತಾಳೆ. "ಹದಿನೆಂಟನೇ ಸಾಲಿಗೆ ಲಡಿ ಹೊಳ್ಳಿಸಾಕ ಏಳತೀನಿ. ಒಂದೊಂದ ದಿನ ಇಪ್ಪತ್ತಾಗಿರತಾವ. ಅವತ್ತು ಅತ್ತಿ ಬಾಯಿ ಶುರು ಆಗತೈತಿ."

ಅತ್ತೆ ರೋಶನಬಿಯ ಮಾತಿನಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚು. "ಗದಗಿನಾಗ ಥಂಡಿ ಬರೂದ ತಿಂಗಳೊಪ್ಪತ್ತು. ಇಕಿ ವರ್ಷಾನಗಟ್ಟಲೆ ಸ್ವೇಟರ್ ಹೆಣೀತಾಳ. ಬ್ಯಾಸಗ್ಯಾಗ ಇಕಿ ತೊಡೀ ಮ್ಯಾಲ ಉಲ್ಲನ್ ನೋಡಿದ್ರ ನನಗ ಬೆವರ ಬರತೈತಿ ನೋಡವ್ವಾ!"

ಈ ಹುಚ್ಚು ಹತ್ತಿದ್ದು ೧೯೭೦ರಲ್ಲಿ, ಮಗಳು ದಿಲಶಾದಬಿ ಹುಟ್ಟಿದಾಗ. ದವಾಖಾನೆಯ ಮಂಚದ ಪಕ್ಕ ನರ್ಸಮ್ಮನೊಬ್ಬಳು ಕೆಲಸದ ನಡುವೆ ಎರಡು ಕಡ್ಡಿ ಹಿಡಿದು ಏನೋ ಮಾಡುತ್ತಿದ್ದಳು. ಮಗ್ಗವಿಲ್ಲ, ಹಾಸಿಲ್ಲ, ಹೊಕ್ಕಿಲ್ಲ. ಒಂದೇ ದಾರ ತನ್ನನ್ನು ತಾನೇ ಹಿಡಿದುಕೊಂಡು ಅರಿವೆಯಾಗುತ್ತಿತ್ತು! ನೇಕಾರರ ಊರಿನ ಸೊಸೆ ಎಂಟು ದಿನ ಕಣ್ಣು ಮಿಟುಕಿಸದೆ ನೋಡಿದಳು. ಮನೆಗೆ ಬಂದವಳೇ ಗಂಡನ ಹಳೆಯ ಸೈಕಲ್ ಗಾಲಿಯಿಂದ ಎರಡು ಕಡ್ಡಿ ಕೀಳಿಸಿ, ಕಲ್ಲಿಗೆ ಉಜ್ಜಿ ತುದಿ ನಯ ಮಾಡಿಕೊಂಡಳು. "ಸೀದಾ ಎರಡು, ಉಲ್ಟಾ ಎರಡು" ಎಂದು ಗೊಣಗುತ್ತ ಹತ್ತಿ ನೂಲಿನಲ್ಲೇ ಕೈ ಪಳಗಿಸಿದಳು.

ಮರುವರ್ಷ ತವರಿನವರು ಕೊಡಿಸಿದ ಬಿಳಿ ಉಲ್ಲನ್ ಮನೆಗೆ ಬಂತು. ಮಗಳ ತಲೆಗೆ ಕೆಂಪು ಕುಲಾಯಿ ಮಾಡಬೇಕು. ಬಣ್ಣದವರ ಮನೆಯಲ್ಲಿ ಬಣ್ಣಕ್ಕೇನು ಬರ? ಗಂಡ ಇಲ್ಲದ ಹೊತ್ತು ನೋಡಿ, ಹತ್ತಿ ನೂಲಿಗೆಂದು ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡಿದ್ದ ಹಂಡೆಯಲ್ಲಿ ನಾಲ್ಕು ಉಂಡೆಯನ್ನೂ ಮುಳುಗಿಸಿಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಕೋಲಿನಿಂದೆತ್ತಿದರೆ ಮೇಲೆ ಬಂದದ್ದು ದಾರವಲ್ಲ, ಲೋಳೆ. ಆ ಸೋಡಾ ಹತ್ತಿಯನ್ನು ಏನೂ ಮಾಡುವುದಿಲ್ಲ, ಉಣ್ಣೆಯನ್ನು ಕರಗಿಸಿ ನೀರು ಮಾಡುತ್ತದೆ. ಈ ತಪ್ಪನ್ನು ಮಾಡಲು ಬಣ್ಣದವರ ಮನೆಯ ಸೊಸೆಯೇ ಆಗಬೇಕು. ಬೇರೆಯವರ ಮನೆಯಲ್ಲಿ ಆ ಹಂಡೆಯೇ ಇರುವುದಿಲ್ಲ.

"ಅತ್ತೀನಿ ಅಂದ್ರ, ಹಂಗ ಅತ್ತೀನಿ. ಇವರು ಬಂದು ನೋಡಿದ್ರು, ನಕ್ಕರು. 'ನಾಲ್ಕ ಉಂಡಿ ಉಲ್ಲನ್ ಸಾರು ಮಾಡೀಯಲ್ಲ' ಅಂದ್ರು. ಸಿಟ್ಟು ಬಂದು ಮೂರ ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಅವರೇ ಲಿಂಬಿಹಣ್ಣು, ರೇಶಿಮಿಗೆ ಹಾಕೂ ಬಣ್ಣ ತಂದು, 'ಉಣ್ಣಿಗೆ ಹುಳಿ ಬೇಕಲೇ, ಸೋಡಾ ಅಲ್ಲ' ಅಂತ ಹೇಳಿಕೊಟ್ರು."

ಮೊದಲೇ ಕತ್ತರಿಸಿಟ್ಟಿದ್ದರಿಂದ ಹಂಡೆಗೆ ಬೀಳದೆ ಉಳಿದಿದ್ದ ತುಸು ಬಿಳಿ ದಾರವನ್ನು ಎಸೆಯಲು ಮನಸ್ಸಾಗಲಿಲ್ಲ. ಒಂದು ಗೇಣು ಅಗಲ, ನಾಲ್ಕು ಬೆರಳು ಉದ್ದ ಹೆಣೆದಿಟ್ಟಳು. ಪಟ್ಟಿ ಶುರುವಾದದ್ದು ಹಾಗೆ. ಅಂದಿನಿಂದ ಯಾವ ಹೊಸ ದಾರ ಕೈಗೆ ಬಂದರೂ, ಯಾವ ಹೊಸ ನಮೂನೆ ಕಲಿತರೂ, ಮೊದಲು ಆ ಪಟ್ಟಿಯ ತುದಿಗೆ ನಾಲ್ಕು ಬೆರಳು ಹೆಣೆದು ನೋಡಿ, ಆಮೇಲೇ ಸ್ವೇಟರಿಗೆ ಕುಣಿಕೆ ಹಾಕುತ್ತಾಳೆ. ಈಗ ಅದು ಹನ್ನೊಂದು ಮೊಳ. ಒಟ್ಟು ಅರವತ್ತಾರು ತುಂಡು. ಬಿಸ್ಕೀಟಿನ ಡಬ್ಬಿಯಲ್ಲಿ ಸುರುಳಿಯಾಗಿ ಮಲಗಿರುತ್ತದೆ.

ಪಟ್ಟಿ ಬಿಚ್ಚಿ ತೋರಿಸುವಾಗ ಆಕೆಯ ಉಮೇದಿಗೆ ಲಗಾಮಿಲ್ಲ. "ಇದು ಮುಂಡರಗಿ ಕಡೆ ಕುರುಬರ ಕರೀ ಉಣ್ಣಿ. ಹಿಂಗ ಮುಟ್ರಿ. ಚುಚ್ಚಿತಿಲ್ಲ? ಇವರಿಗೊಂದು ತೋಳಿಲ್ಲದ ಬಂಡಿ ಹೆಣದೀನಿ, ನಸುಕಿನಾಗ ನೀರಾಗ ನಿಂತರೂ ಬೆನ್ನು ಬೆಚ್ಚಗಿರತೈತಿ. ಅದಕ್ಕ ಮುಳ್ಳಹಂದಿ ಅಂತ ಹೆಸರಿಟ್ಟಾರ! ಇದು ಕ್ಯಾಶ್ಮಿಲಾನ್, ಮಿಲ್ಲಿನ ದಾರ. ಕೂಸಿನ ಅರಿವೀಗೆ ಇದ ಬೇಶ್, ಎಷ್ಟ ಒಗದ್ರೂ ಕುಗ್ಗೂದಿಲ್ಲ. ಈ ಹಸಿರು ನೋಡ್ರಿ, ಶಿರಹಟ್ಟಿ ಜಾತ್ರ್ಯಾಗ ತಂದದ್ದು, ಒಂದ ಒಗತಕ್ಕ ಹಳದಿ ಆಗಿ ಕುಂತೈತಿ. ಅವತ್ತಿಂದ ಅಂಗಡಿ ಕಟ್ಟಿ ಮ್ಯಾಲ ದಾರ ತೋಯಿಸಿ, ಬಿಳೀ ಸೆರಗಿಗೆ ತಿಕ್ಕಿ ನೋಡದ ತಗೊಳ್ಳೂದಿಲ್ಲ."

ತೋಯಿಸುವುದಷ್ಟೇ ಅಲ್ಲ. ಒಂದೆಳೆ ಕಿತ್ತು ಬೆಂಕಿಕಡ್ಡಿ ಗೀರಿ ಸುಟ್ಟು ಮೂಸುತ್ತಾಳೆ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕರಗಿ ಮಣಿಯಾದರೆ ಅಲ್ಲ. ಕೊನೆಯ ಪರೀಕ್ಷೆ ಆಕೆಯ ಬೆರಳಿನದು. ಸೋಡಾ ನೀರಿಗೆ ಆಕೆಯ ಬೆರಳ ತುದಿಗಳು ಚಳಿಗಾಲದಲ್ಲಿ ಸೀಳು ಬಿಡುತ್ತವೆ. ಉಲ್ಲನ್ ಅದಕ್ಕೆ ಸಿಕ್ಕಿ ಎಳೆಯುತ್ತದೆ, ರಕ್ತವೂ ಬರುತ್ತದೆ. ಔಡಲ ಎಣ್ಣೆ ಹಚ್ಚಿ, ಹಿಟ್ಟಿನಲ್ಲಿ ಒರೆಸಿಕೊಂಡು ಹೆಣೆಯಲು ಕೂರುತ್ತಾಳೆ. "ನನ್ನ ಬೆರಳಿಗೆ ಸಿಗದ ದಾರ ಯಾವ ಕೂಸಿನ ಗಲ್ಲಕ್ಕೂ ಚುಚ್ಚೂದಿಲ್ಲ," ಎನ್ನುವಾಗ ಆ ಸೀಳುಗಳ ಬಗ್ಗೆ ಆಕೆಗೆ ತುಸು ಹೆಮ್ಮೆಯೇ ಇದ್ದಂತಿದೆ.

ಇಷ್ಟಾಗಿಯೂ ತಾನು ಹೆಣೆದ ಒಂದು ಸ್ವೇಟರೂ ಆಕೆಯ ಮನೆಯಲ್ಲಿಲ್ಲ, ಮುಳ್ಳಹಂದಿಯೊಂದನ್ನು ಬಿಟ್ಟು. ಎಲ್ಲ ಕೊಟ್ಟದ್ದೇ. ದಾರ ತಂದುಕೊಡುವವರಲ್ಲಿ ಮೊದಲಿಗರು ಗದಗಿನ ಉಳ್ಳಾಗಡ್ಡಿ ವ್ಯಾಪಾರಿಯ ಹೆಂಡತಿ ಕಸ್ತೂರೆವ್ವ. ಹುಬ್ಬಳ್ಳಿಯಿಂದ ಒಳ್ಳೆಯ ಉಲ್ಲನ್ ತರುತ್ತಾರೆ. ಹೆಣೆದು ಮಿಕ್ಕ ದಾರ ಗುಲಾಬಬಿಯದು. ಕಸ್ತೂರೆವ್ವನ ಕೈ ದೊಡ್ಡದು, ಮನಸ್ಸೂ ಸಣ್ಣದಲ್ಲ. ಆದರೆ ಮಹಿಳಾ ಮಂಡಳದ ಪ್ರದರ್ಶನದಲ್ಲಿ ಆ ಸ್ವೇಟರುಗಳು ಇರುವುದು ಕಸ್ತೂರೆವ್ವನ ಹೆಸರಿನಲ್ಲಿ. ೧೯೭೯ರಲ್ಲಿ ಮೊದಲ ಬಹುಮಾನ. ಎಂಬತ್ತೊಂದರಲ್ಲಿ ಮತ್ತೆ. ಕಳೆದ ವರ್ಷ ಮತ್ತೆ.

ಎಂಬತ್ತೊಂದರಲ್ಲಿ ಗುಲಾಬಬಿ ನೋಡಲು ಹೋಗಿದ್ದಳು. "ಮೂರು ಸಲ ಪಾಳಿ ಹಚ್ಚಿ ನೋಡೀನ್ರಿ! ಬಿಳೀ ಅರಿವಿ ಮ್ಯಾಲ ಇಟ್ಟಿದ್ರು, ಮದಲಗಿತ್ತಿ ಕುಂತಂಗ ಕುಂತಿತ್ತು. ಬಾಜೂಕಿನ ಬಾಯಾರು ಒಬ್ಬರು 'ನಿಮಗೂ ಹೆಣಿಯಾಕ ಬರತೈತೇನ್ರಿ?' ಅಂದ್ರು."

"ಏನಂದಿ?" ಖಾಜಾಸಾಬ ಪ್ರತಿ ಸಲ ಹೊಸದಾಗಿ ಕೇಳುತ್ತಾನಂತೆ.

"ಒಂದೀಟು, ಅಂದೆ."

ಮಂಡಳದಲ್ಲಿ ಹೊಲಿಗೆ ಕಲಿಸುವ ಸುಮಿತ್ರವ್ವನಿಗೆ ಕಣ್ಣಿದೆ; ಬಹುಮಾನದ ಸ್ವೇಟರುಗಳ ಕುಣಿಕೆ ಯಾರ ಕೈಯದೆಂದು ಆಕೆ ಗುರುತಿಸಬಲ್ಲಳು. ಹೋದ ವಾರ ತಾನೇ ಬಂದು ಒಂದು ಅರ್ಜಿ ಕೊಟ್ಟುಹೋದಳು. "ಶನಿವಾರ ಸಂಜೀತನಾ ತಗೋತೀವಿ. ನಿನ್ನ ಹೆಸರಿಲೆ ಒಂದರ ಇಡವಾ ತಂಗಿ."

"ಇಡೂದು ಏನೈತ್ರಿ ನನ್ನ ಕಡೆ? ಎಲ್ಲಾ ಕೊಟ್ಟಬಿಟ್ಟೀನಿ," ಎಂದು ಗುಲಾಬಬಿ ನಕ್ಕಿದ್ದಳು. ಅರ್ಜಿಯನ್ನು ಡಬ್ಬಿಯ ತಳಕ್ಕೆ ಹಾಕಿದ್ದಳು. ಇವತ್ತೇ ಆ ಶನಿವಾರ; ಪ್ರದರ್ಶನ ನಾಳೆ.

ಈ ವರ್ಷದ ಸ್ವೇಟರು ಕಸ್ತೂರೆವ್ವನ ಅಳಿಯನಿಗೆ. ಪ್ರದರ್ಶನ ಮುಗಿಸಿಕೊಂಡು ಅವನ ಮೈಗೆ ಹೋಗಬೇಕು. ಅತ್ತೆಯಾದವರು ಅಳಿಯನ ಅಳತೆಯನ್ನು ಕಣ್ಣಂದಾಜಿನಲ್ಲೇ ಹೇಳಿದ್ದರು. ಅವನ ತೋಳು ಅಂದಾಜಿಗಿಂತ ಉದ್ದವೆಂದು ತಿಳಿಯುವ ಹೊತ್ತಿಗೆ ಏಳು ಉಂಡೆಯೂ ಮುಗಿದಿತ್ತು. ಎಡತೋಳಿನ ಮಣಿಕಟ್ಟು ಮೂರು ಬೆರಳು ಬಾಕಿ. ಹುಬ್ಬಳ್ಳಿಯಲ್ಲಿ ಆ ಬಣ್ಣ ಮತ್ತೆ ಸಿಗಲಿಲ್ಲ. ಮೊನ್ನೆ ಬಂದ ಕಸ್ತೂರೆವ್ವನ ಕಣ್ಣು ತೆರೆದಿದ್ದ ಡಬ್ಬಿಯ ಮೇಲೆ ಬಿತ್ತು.

"ಅಯ್ಯ, ಅದರ ತುದೀಗೆ ಐತಲ್ಲ ಇದ ದಾರ! ಅದನ್ನ ಬಿಚ್ಚು. ಚಿಂದಿ ಪಟ್ಟಿ ಯಾರ ನೋಡತಾರ?"

"ನೋಡೂಣಂತ ತಡೀರಿ ಅಕ್ಕಾರ. ಬ್ಯಾರೆ ಏನರ ಮಾಡತೀನಿ," ಎಂದಳು ಗುಲಾಬಬಿ. ಡಬ್ಬಿಯ ಮುಚ್ಚಳ ಮುಚ್ಚಿದಳು.

ಎಂದೋ ಹೆಣೆದು ಮಿಕ್ಕ ಬಿಳಿ ಉಲ್ಲನ್ ಒಂದಿಷ್ಟಿತ್ತು. ರೇಶ್ಮೆ ಬಣ್ಣದಲ್ಲಿ ಮೂರು ಸಲ ಅದ್ದಿದಳು. ಒಂದು ಇಟ್ಟಂಗಿಯಾಯಿತು, ಒಂದು ಜಿಲೇಬಿಯಾಯಿತು, ಮೂರನೆಯದಕ್ಕೆ ಹೆಸರೇ ಇರಲಿಲ್ಲ. ನಿನ್ನೆ ಅಡುಗೆಮನೆಯಲ್ಲಿ ಕೂತು ಪಟ್ಟಿಯ ತುದಿಯನ್ನು ಮತ್ತೆ ಮತ್ತೆ ನೋಡುತ್ತಿದ್ದಾಗ ಅದು ಕೈಜಾರಿ, ಹೆಚ್ಚಿಟ್ಟ ಉಳ್ಳಾಗಡ್ಡಿಯ ಸಿಪ್ಪೆಯ ಮೇಲೆ ಬಿತ್ತು. ಸಿಪ್ಪೆ ಯಾವುದು, ದಾರ ಯಾವುದು ಕಾಣದಾಯಿತು. ಕಸ್ತೂರೆವ್ವನ ಮನೆಯಿಂದಲೇ ಬಂದ ಉಳ್ಳಾಗಡ್ಡಿ!

ಬಿಸಿಲು ಗಳಕ್ಕೆ ಏರುತ್ತಲೇ ಲಡಿ ಒಣಗುತ್ತದೆ. ಗುಲಾಬಬಿ ಅದನ್ನು ಸ್ವೇಟರಿನ ತೋಳಿನ ಪಕ್ಕ ಇಡುತ್ತಾಳೆ, ಅಂಗಳದಲ್ಲಿ ಒಮ್ಮೆ, ನೆರಳಿನಲ್ಲಿ ಒಮ್ಮೆ, ಬಾಗಿಲ ಮರೆಯಲ್ಲಿ ಒಮ್ಮೆ. ಎಲ್ಲಿಟ್ಟರೂ ಒಂದೇ. ಅತ್ತೆಯನ್ನು ಕೈಹಿಡಿದೆಳೆದು ತೋರಿಸುತ್ತಾಳೆ. "ಆತು ಬಿಡ, ನನ್ನ ಕೈ ಕಿತ್ತೀ," ಎನ್ನುತ್ತಾಳೆ ರೋಶನಬಿ, ನಗು ತಡೆಯಲಾರದೆ. ಹದಿನಾರು ಸಾಲಿಗೆ ಮಣಿಕಟ್ಟು ಮುಗಿಯುತ್ತದೆ.

ಕಸ್ತೂರೆವ್ವ ಬಂದಾಗ ಗುಲಾಬಬಿ ಸ್ವೇಟರಿನ ಎರಡೂ ತೋಳು ಮುಂದೆ ಚಾಚುತ್ತಾಳೆ. "ಯಾವುದು ಅದ್ದಿದ್ದು ಹೇಳ್ರಿ ನೋಡೂಣು!"

ಕಸ್ತೂರೆವ್ವ ಕನ್ನಡಕ ಏರಿಸಿ, ಇಳಿಸಿ, ಬಲಗೈ ತೋರಿಸುತ್ತಾರೆ. ಗುಲಾಬಬಿ ಚಪ್ಪಾಳೆ ತಟ್ಟಿ ನಗುತ್ತಾಳೆ. "ಮಾಟಗಾತಿ ಅದೀ ನೀ! ಈ ಸಲಾನೂ ನಮ್ಮದ ಮದಲನೇ ನಂಬರ್," ಎಂದು ಅವರು ಸ್ವೇಟರನ್ನು ಎದೆಗವುಚಿಕೊಂಡು ಹೊರಡುತ್ತಾರೆ. ಆ ಖುಷಿ ಸುಳ್ಳಲ್ಲ. "ನಮ್ಮದು" ಎಂದಾಗ ಅದರಲ್ಲಿ ಗುಲಾಬಬಿಯನ್ನೂ ಸೇರಿಸಿಕೊಂಡೇ ಹೇಳಿರುತ್ತಾರೆ. ಅರ್ಜಿಯಲ್ಲಿ ಮಾತ್ರ ಒಂದೇ ಹೆಸರಿಗೆ ಜಾಗವಿದೆ.

ಉಳಿದ ದಾರದಿಂದ ಆಕೆ ಪಟ್ಟಿಯ ತುದಿಗೆ ನಾಲ್ಕು ಬೆರಳು ಹೆಣೆಯುತ್ತಾಳೆ: ಹುಬ್ಬಳ್ಳಿಯ ದಾರದ ಪಕ್ಕ ಉಳ್ಳಾಗಡ್ಡಿಯ ದಾರ, ಅರವತ್ತೇಳನೆಯದು. ಆಮೇಲೆ ಇಡೀ ಪಟ್ಟಿಯನ್ನು ಗಳದ ಮೇಲೆ ಹರವುತ್ತಾಳೆ. ಒಂದು ಗಳ ಸಾಲದೆ ಎರಡನೆಯದಕ್ಕೆ ಹೊರಳುತ್ತದೆ. ಬಿಳಿ, ಕರಿ, ಹಸಿರಾಗಿದ್ದ ಹಳದಿ. ಎಪ್ಪತ್ತೊಂಬತ್ತರ ಸ್ವೇಟರಿನ ನೀಲಿ, ಎಂಬತ್ತೊಂದರ ಸ್ವೇಟರಿನ ಬದನೆ ಬಣ್ಣ, ಹೋದ ವರ್ಷದ ಬೂದಿ. ಅದದೇ ದಾರ, ಅದದೇ ನಮೂನೆ. ಯಾರ ಮೇಲೂ ದೂರು ಹೇಳುವುದಿಲ್ಲ ಅದು, ಇದ್ದದ್ದನ್ನು ಇದ್ದ ಹಾಗೆ ಇಟ್ಟುಕೊಂಡಿದೆ, ಅಷ್ಟೆ. ಕಣ್ಣಿದ್ದವರು ನಾಳೆ ಪ್ರದರ್ಶನದ ಮೇಜಿನ ಮೇಲೆ ನೋಡಲಿ. ಕಸ್ತೂರೆವ್ವ ಮುನಿಸಿಕೊಂಡು ಹುಬ್ಬಳ್ಳಿಯ ಉಲ್ಲನ್ ಬರುವುದು ನಿಂತರೆ ನಿಲ್ಲಲಿ. ಗದಗಿನಲ್ಲಿ ಉಳ್ಳಾಗಡ್ಡಿ ಸಿಪ್ಪೆಗೆ ಬರವಿಲ್ಲ.

ಮಗಳ ಸೀಸದಕಡ್ಡಿ ಹುಡುಕಿ ತಂದು ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ವಸ್ತು: ಉಲ್ಲನ್ ಪಟ್ಟಿ, ಹನ್ನೊಂದು ಮೊಳ ನಾಲ್ಕು ಬೆರಳು. ತಯಾರಿಸಿದವರ ಹೆಸರು: ಗುಲಾಬಬಿ. ಮಗಳು ಕಲಿಸಿಕೊಟ್ಟ ಅಕ್ಷರಗಳಲ್ಲಿ ನಾಲ್ಕು.

"ಏನ ಒಣಗಸಾಕತ್ತೀಲೇ ಅದನ್ನ?" ಹಂಡೆಯ ಹೊಗೆಯಾಚೆಯಿಂದ ಖಾಜಾಸಾಬ ಕೂಗುತ್ತಾನೆ.

"ನುಸಿ ಹತ್ತೀತು ಅಂತ ಬಿಸಲಿಗೆ ಹಾಕೀನ್ರಿ."

ಯಾವತ್ತೂ ಹೊಸ ತುಂಡು ಮೇಲೆ ಬರುವಂತೆ ಸುತ್ತುವವಳು ಇವತ್ತು ಆ ಹೊಸ ತುದಿಯಿಂದಲೇ ಸುತ್ತತೊಡಗುತ್ತಾಳೆ. ಬಿಚ್ಚಿದವರಿಗೆ ಮೊದಲು ಹದಿಮೂರು ವರ್ಷದ ಹಿಂದಿನ ಆ ಬಿಳಿ ಕಾಣಲಿ. ಅರ್ಜಿಯನ್ನೂ ಒಳಗಿಟ್ಟು ಡಬ್ಬಿಯ ಮುಚ್ಚಳ ಒತ್ತಿ, ಸಂಜೆ ಗದಗಿನ ಮಂಡಳಕ್ಕೆ ಉಟ್ಟು ಹೋಗುವ ಸೀರೆಯ ಕೆಳಗೆ ಇಡುತ್ತಾಳೆ. ಗಳದ ಮೇಲಿನ ಲಡಿಗಳನ್ನು ತಿರುವಿ ಹಾಕುವ ಹೊತ್ತು ಮೀರಿದೆ.