ಭಟ್ಟಿ ದೊಡ್ಡವ್ವನ ನಗು

ಮೊನ್ನೆ ಭಾನುವಾರ ಸಂಜೆ, ನಮ್ಮೂರಿನ ಕಾಕ ತಂದುಕೊಟ್ಟ ಮಂಡಕ್ಕಿ ಚೀಲದ ಬಾಯಿ ಬಿಚ್ಚಿದೆ. ಬಿಸಿ ಮರಳಿನ, ಉಪ್ಪುನೀರು ಹೀರಿದ ಅಕ್ಕಿಯ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯ ಪ್ಯಾಕೆಟ್ಟಿಗೆ ಈ ವಾಸನೆ ಇರುವುದಿಲ್ಲ. ಚೀಲದೊಳಗೆ ಕೈ ಹಾಕಿದೆ... ಹರಪನಹಳ್ಳಿಯ ನನ್ನ ಅಡುಗೆಮನೆಗೆ ಭಟ್ಟಿ ದೊಡ್ಡವ್ವ ಬಂದು ನಿಂತಂತಾಯಿತು.

ಹೊರಗೆ ಟಿ.ವಿ.ಯಲ್ಲಿ ಸಿನಿಮಾ ಮತ್ತು ಧಾರಾವಾಹಿಗಳ ಹಾಸ್ಯ ಕಲಾವಿದರಿಗೆ ಪ್ರಶಸ್ತಿ ಕೊಡುವ ಸಮಾರಂಭ ನಡೆದಿತ್ತು. ಕಣ್ಣು ತೋರಿಸಲು ಊರಿನಿಂದ ಬಂದಿದ್ದ ಕಾಕ ಅದರ ಮುಂದೆ ಕೂತಿದ್ದರು. ವೇದಿಕೆ ತುಂಬ ಬಣ್ಣದ ದೀಪ, ಗೆದ್ದವರ ಕೈಗೊಂದು ಹೊಳೆಯುವ ಗೊಂಬೆ. ನಗಿಸಿದವರಿಗೆ ಇಷ್ಟೆಲ್ಲ ಉಂಟು, ನಕ್ಕವರಿಗೆ ಏನೂ ಇಲ್ಲ. ಇದ್ದಿದ್ದರೆ ಮೊದಲನೆಯದು ನಮ್ಮ ದೊಡ್ಡವ್ವನಿಗೇ ಬರಬೇಕಿತ್ತು.

ದೊಡ್ಡವ್ವ ಎಂದರೂ ಅವರು ನಮ್ಮ ಸಂಬಂಧಿಕರಲ್ಲ, ಚಿಗಟೇರಿ ಕಡೆಯ ನಮ್ಮ ಹಳ್ಳಿಯಲ್ಲಿ ಪಕ್ಕದ ಮನೆಯವರು. ಅಕ್ಕಿ ಹುರಿದು ಮಂಡಕ್ಕಿ ಮಾಡುವ ಭಟ್ಟಿ ಅವರದು. ಈಗ ಅವರ ಮಗ ನಡೆಸುತ್ತಾನೆ. ಕಾಕ ದೊಡ್ಡವ್ವನ ಮೈದುನ, ಗಂಡನ ತಮ್ಮ. ಊರ ನಾಟಕಕ್ಕೆ ಹೋದರೆ ನಾನು ದೊಡ್ಡವ್ವನ ಮಗ್ಗುಲಿಗೇ ಕೂರುತ್ತಿದ್ದೆ. ಅವರ ನಗು ತಡವಾಗಿ ಬರುತ್ತಿತ್ತು. ಕಾದ ಮರಳಿಗೆ ಅಕ್ಕಿ ಬಿದ್ದಾಗ ಒಂದು ಗಳಿಗೆ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಎಲ್ಲ ಅರಳುತ್ತದಲ್ಲ, ಹಾಗೆ. ಎಲ್ಲರೂ ನಕ್ಕು ಸುಮ್ಮನಾದ ಮೇಲೆ ಅವರೊಬ್ಬರೇ ಶುರು ಮಾಡುತ್ತಿದ್ದರು. ಅದನ್ನು ಕೇಳಿ ಜನ ಇನ್ನೊಮ್ಮೆ ನಗುತ್ತಿದ್ದರು. ನಾಟಕದ ಮಾಸ್ತರರು ಹಾಸ್ಯ ಪಾತ್ರದವರಿಗೆ, "ಆಯಮ್ಮ ನಗೋತನಕ ಮುಂದಿನ ಮಾತು ಎತ್ತಬ್ಯಾಡ್ರಿ" ಎಂದು ತಾಲೀಮಿನಲ್ಲೇ ಹೇಳಿಕೊಡುತ್ತಿದ್ದರು. ನಗುವ ಹೆಂಗಸನ್ನು ನಂಬಬಾರದು ಎನ್ನುತ್ತಿದ್ದ ನಮ್ಮಜ್ಜಿ ಕೂಡ ಆ ನಗುವಿಗೆ ತನ್ನ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು.

ಕಾಕನನ್ನು ಸಾಕಿದವರೇ ದೊಡ್ಡವ್ವ. ತಾಯಿ ಸತ್ತಾಗ ಕಾಕ ಇನ್ನೂ ಚಿಕ್ಕವರು. ಎಣ್ಣೆ ಹಚ್ಚಿ, ತಲೆ ಬಾಚಿ, ಉಣಿಸಿ ಬೆಳೆಸಿದ್ದು ಅತ್ತಿಗೆ. ಆದರೆ ಅಣ್ಣತಮ್ಮಂದಿರು ಬೇರೆಯಾಗುವಾಗ ಯಾರೋ ಕಾಕನ ಕಿವಿ ಊದಿದರು. ಹಿರಿಯರ ಮುಂದೆ ನಿಂತು ಕಾಕ, "ಈಕಿ ನನ್ನ ಮಗನಂಗ ಸಾಕಿಲ್ರಿ, ಆಳಿನಂಗ ದುಡಿಸ್ಯಾಳ" ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡವ್ವ ಜಗಳವಾಡಲಿಲ್ಲ. "ಇನ್ಮ್ಯಾಲೆ ನೀನು ಅತ್ತಿಗಿ ಅಂತ ಕರದ್ರೂ ನಾನು ಓ ಅನ್ನಂಗಿಲ್ಲ" ಎಂದು ಎದ್ದು ಭಟ್ಟಿಗೆ ಹೋದರು. ಎರಡು ಮನೆಗಳ ನಡುವೆ ಗೋಡೆ ಎದ್ದಿತು. ಕಾಕ ಆಮೇಲೆ ಆ ಪದವನ್ನೇ ಬಿಟ್ಟರು. ಹೇಳಲೇಬೇಕಾದರೆ 'ಭಟ್ಟಿಯವ್ರು' ಎನ್ನುತ್ತಿದ್ದರು, ಯಾರೋ ಬೇರೆ ಊರಿನವರ ಹಾಗೆ.

ಆ ವರ್ಷವೇ ಕಾಕನಿಗೆ ಊರ ನಾಟಕದಲ್ಲಿ ಹಾಸ್ಯ ಪಾತ್ರ ಸಿಕ್ಕಿತು. ನಮ್ಮ ಕಡೆ ಪಾತ್ರ ಮೆಚ್ಚಿದವರು ನಾಟಕದ ನಡುವೆಯೇ ರಂಗಕ್ಕೆ ಹತ್ತಿಬಂದು ಟವೆಲ್ ಹೊದಿಸುತ್ತಾರೆ, ಮೈಕಿನಲ್ಲಿ ಹೊದಿಸಿದವರ ಹೆಸರು ಕೂಗುತ್ತಾರೆ. ಕಾಕನ ಹೆಗಲ ಮೇಲೆ ಟವೆಲ್ಲುಗಳ ರಾಶಿಯೇ ಬಿತ್ತು. ಆದರೂ ಪ್ರತಿ ಮಾತಿಗೂ ಅವರು ನಿಂತು, ದೊಡ್ಡವ್ವನೂ ನಾನೂ ಕೂತ ನಮ್ಮ ಚಾಪೆಯ ಕಡೆ ನೋಡುತ್ತಿದ್ದರು. ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು.

"ನಗು ಬರ್ಲಿಲ್ಲೇನು ದೊಡ್ಡವ್ವ?" ಎಂದು ಕೇಳಿದೆ.

"ಬಂತವ್ವ. ನುಂಗಿದೆ."

ಮರುವರ್ಷ ಕಾಕನದು ಒಬ್ಬ ದಡ್ಡ ಆಳಿನ ಪಾತ್ರ. ಒಂದು ದೃಶ್ಯದ ನಡುವೆ ಅವರು ಮಾಸ್ತರರು ಹೇಳಿಕೊಡದ್ದನ್ನು ಮಾಡಿದರು. ಮಾತು ನಿಲ್ಲಿಸಿ ನೆಲಕ್ಕೆ ಕೂತರು. ಹಿಂದೆ ಯಾರೋ ಕೂತು ತಲೆ ಬಾಚುತ್ತಿದ್ದಾರೆ ಎಂಬಂತೆ ಕತ್ತು ಹಿಂದಕ್ಕೆ ಜಗ್ಗಿಸಿಕೊಂಡರು, ಮುಖ ಕಿವುಚಿದರು, ಏಳಲು ಹೋಗಿ ತಲೆಗೊಂದು ಮೊಟಕಿಸಿಕೊಂಡು ಮತ್ತೆ ಕೂತರು. ಕೊನೆಗೆ ಬಾಯಿ ತೆರೆದು ಕಾಣದ ಕೈಯಿಂದ ತುತ್ತು ಉಂಡರು. ಜನ ನಕ್ಕರು, ಸುಮ್ಮನಾದರು. ಕಾಕ ಏಳಲಿಲ್ಲ. ಪರದೆಯ ಸಂದಿನಿಂದ ಮಾಸ್ತರರು ಮುಂದಿನ ಮಾತು ಎತ್ತಿಕೊಟ್ಟರು. ಹಾರ್ಮೋನಿಯಂ ಒಮ್ಮೆ ಕುಂಯ್ ಎಂದು ನಿಂತಿತು. ಕಾಕ ಕೂತೇ ಇದ್ದರು...

ಆಗ ನನ್ನ ಪಕ್ಕದಲ್ಲಿ ಸೆರಗು ಜಾರಿತು. ದೊಡ್ಡವ್ವ ನಕ್ಕರು. ನಗುನಗುತ್ತಲೇ ಕಣ್ಣಲ್ಲಿ ನೀರು ಸುರಿಯಿತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಊರೆಲ್ಲ ಇನ್ನೊಮ್ಮೆ ನಕ್ಕಿತು. ಕಾಕ ಎದ್ದು ಮುಂದಿನ ಮಾತು ಹೇಳಿದರು.

ಇನ್ನೇನು ಇಬ್ಬರೂ ಮಾತಾಡುತ್ತಾರೆ ಎಂದು ನಾವೆಲ್ಲ ಕಾದೆವು. ಆಡಲಿಲ್ಲ. ಸಾಕಿದವರ ಹಟವೇ ಸಾಕಿಸಿಕೊಂಡವರಿಗೂ ಬಂದಿತ್ತು. ವರ್ಷಕ್ಕೊಮ್ಮೆ ನಾಟಕ, ಕಾಕ ನಿಂತು ಕಾಯುವುದು, ದೊಡ್ಡವ್ವ ನಗುವುದು. ಇಬ್ಬರ ನಡುವೆ ಉಳಿದ ಮಾತುಕತೆ ಅಷ್ಟೇ. ನನಗೆ ಅವರಿಬ್ಬರ ಮೇಲೂ ಸಿಟ್ಟಿತ್ತು, ಈಗಲೂ ಇದೆ. ಒಂದು ಗೋಡೆ, ಒಂದು ಕೂಗಿನ ದೂರ... ಯಾರಾದರೂ ಒಬ್ಬರು ಸೋಲಬಾರದಿತ್ತೆ?

ದೊಡ್ಡವ್ವ ತೀರಿಕೊಂಡ ದಿನ ಕಾಕ ಬಂದು ಬಾಗಿಲಲ್ಲಿ ನಿಂತರು. ಕರೆಯಲೆಂದು ಬಾಯಿ ತೆರೆದರು, ಅತ್ತಿಗೆ ಎಂಬ ಪದ ಹೊರಡಲಿಲ್ಲ. ಮುಂದಿನ ನಾಟಕದಲ್ಲಿ ಎಂದಿನಂತೆ ಮಾತು ಮುಗಿಸಿ ನಿಂತು ಕಾದರು. ಮಾತು ಮರೆತಿದ್ದಾರೆ ಎಂದುಕೊಂಡು ಹುಡುಗರು ಸಿಳ್ಳೆ ಹಾಕಿದರು. ಅದಾದ ಮೇಲೆ ಅವರು ಬಣ್ಣ ಹಚ್ಚಲಿಲ್ಲ.

ಮೊನ್ನೆ ಮಂಡಕ್ಕಿಗೆ ಒಗ್ಗರಣೆ ಹಾಕಿ ಕಾಕನ ಮುಂದೆ ತಟ್ಟೆ ತಂದಿಟ್ಟೆ. ಟಿ.ವಿ.ಯಲ್ಲಿ ಪ್ರಶಸ್ತಿ ಪಡೆದ ನಟನೊಬ್ಬ ಚಟಾಕಿ ಹಾರಿಸಿದ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ನಿರೂಪಕಿ ಆಗಲೇ ಮುಂದಿನ ಹೆಸರು ಕೂಗುತ್ತಿದ್ದಳು. ನನ್ನ ಮಗಳು ಚಾನೆಲ್ ಬದಲಿಸಲು ರಿಮೋಟ್ ತೆಗೆದುಕೊಂಡಳು. ಕಾಕ ಕೈ ಎತ್ತಿ ತಡೆದರು. ಅವರ ಕತ್ತು ಪಕ್ಕಕ್ಕೆ ವಾಲಿತ್ತು, ನಾಟಕದಲ್ಲಿ ನಮ್ಮ ಚಾಪೆಯ ಕಡೆ ವಾಲುತ್ತಿದ್ದಂತೆಯೇ.

"ತಡಿಯವ್ವ" ಎಂದರು. "ನಮ್ಮತ್ತಿಗಿ ಇನ್ನಾ ನಕ್ಕಿಲ್ಲ."

ಎಷ್ಟೋ ವರ್ಷಗಳ ಮೇಲೆ ಅವರ ಬಾಯಲ್ಲಿ ಆ ಪದ ಕೇಳಿದೆ. ಓ ಎನ್ನಲು ಯಾರೂ ಇರಲಿಲ್ಲ.