ಲಾಭದಿಂದ ಶುರುವಾದ ಎಣಿಕೆ

ನಮ್ಮ ಅಜ್ಜ ಶಿವಪುತ್ರಪ್ಪ ಎಣಿಸುವಾಗ 'ಒಂದು' ಎಂದದ್ದನ್ನು ನಾನಂತೂ ಕೇಳಿಲ್ಲ. ಪುಣೆಯ ಭವಾನಿ ಪೇಟೆಯಲ್ಲಿ ಅವರದು ಕಾಳುಕಡಿಯ ಅಂಗಡಿ. ಇಂಡಿ ಕಡೆಯಿಂದ ಬರುವಾಗ ಹಿರಿಯರ ಪದ್ಧತಿಯನ್ನೂ ಗಂಟು ಕಟ್ಟಿಕೊಂಡೇ ಬಂದಿದ್ದರು. ಜೋಳ ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಎನ್ನಬಾರದು, 'ಲಾಭ' ಎನ್ನಬೇಕು. ಆಮೇಲೆ ಎರಡು, ಮೂರು. ಅಂಗಡಿಯ ಈ ಎಣಿಕೆ ಮನೆಯೊಳಗೂ ನುಗ್ಗಿತ್ತು. ರೊಟ್ಟಿ ಎಣಿಸಿದರೂ ಲಾಭ, ಮೆಟ್ಟಿಲು ಎಣಿಸಿದರೂ ಲಾಭ. ಲೋಕದಲ್ಲಿ ಒಂದು ಎಂಬ ಸಂಖ್ಯೆಯೂ ಇದೆ ಎಂದು ನಮ್ಮ ಮನೆಯ ಮಕ್ಕಳಿಗೆ ಗೊತ್ತಾಗುತ್ತಿದ್ದುದೇ ಶಾಲೆಗೆ ಹೋದ ಮೇಲೆ.

ಅಜ್ಜನ ಮಗಳು ಕಾಶವ್ವ, ನನ್ನ ಸೋದರತ್ತೆ, ಇದರ ರುಚಿಯನ್ನು ಚೆನ್ನಾಗಿ ಕಂಡವಳು. ಮರಾಠಿ ಶಾಲೆಗೆ ಸೇರಿದ ದಿನ ಅವಳಿಗೆ ಬರುತ್ತಿದ್ದುದು ಮನೆಯ ಕನ್ನಡ ಮಾತ್ರ. ಶಿಕ್ಷಕಿ ಗೋಲಿ ತೋರಿಸಿ ಎಣಿಸು ಎಂದರು. ಇವಳು 'ಲಾಭ' ಎಂದಳು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಅಂದು ಮುಚ್ಚಿದ ಬಾಯನ್ನು ಕಾಶವ್ವ ವರ್ಷವಿಡೀ ತೆರೆಯಲಿಲ್ಲ. ಹುಡುಗಿ ಮಂದಬುದ್ಧಿಯವಳು ಎಂದು ತೀರ್ಮಾನಿಸಿ ಶಿಕ್ಷಕಿ ಅವಳನ್ನು ಹಿಂದಿನ ಗೋಡೆಯ ಬುಡಕ್ಕೆ ಕೂಡಿಸಿದರು. ಆ ಗೋಡೆಯ ಸುಣ್ಣ ಕೆರೆಯುತ್ತ ಕೂತವಳು ತಾನೂ ಶಿಕ್ಷಕಿಯಾಗಬೇಕೆಂಬ ಹಟ ತೊಟ್ಟಳಂತೆ.

"ನಾ ಅಕ್ಕೋರಾದ್ರ ಯಾವ ಕೂಸನ್ನೂ ಗ್ವಾಡಿ ಬುಡಕ್ಕ ಕೂಡಸೂದಿಲ್ಲ ಅಂದ್ಕೊಂಡೆ ನೋಡು," ಎಂದು ಅತ್ತೆ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಆರು ವರ್ಷದ ಹುಡುಗಿ ಇಷ್ಟು ದೊಡ್ಡ ಮಾತು ಆಡಿಕೊಂಡಳೇ ಎಂದು ನನಗೆ ಅನುಮಾನ. ಆದರೆ ಅತ್ತೆಯ ಎದುರು ಅನುಮಾನ ಪಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮರಾಠಿ ಏಳನೆಯ ಇಯತ್ತೆ ಮುಗಿಸುತ್ತಲೇ ಅವಳಿಗೆ ಮದುವೆಯಾಯಿತು. ಸೊಲ್ಲಾಪುರಕ್ಕೆ ಹೋದವಳು ಎರಡೇ ವರ್ಷದಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ನಮ್ಮಲ್ಲಿ ಉಡಿಕೆ ಉಂಟು, ಇನ್ನೊಂದು ಮದುವೆಗೆ ಅಡ್ಡಿಯಿಲ್ಲ. ಅಜ್ಜ ಬಾರ್ಸಿಯಲ್ಲಿ ಒಬ್ಬ ವ್ಯಾಪಾರಿಯನ್ನು ನೋಡಿಯೂ ಇಟ್ಟರು. ಆದರೆ ಕಾಶವ್ವ ಶಿಕ್ಷಕಿಯರ ಟ್ರೇನಿಂಗಿಗೆ ಹೋಗುವೆನೆಂದು ಪಟ್ಟು ಹಿಡಿದಳು. ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಅಜ್ಜ ಇಳಿದು ಬಂದರು.

"ಆತವ್ವ, ಹೋಗು. ಪಾಸಾದ್ರ ನಿನ್ನ ಹಾದಿ ನಿಂದು. ಫೇಲಾದ್ರ ಬಾರ್ಸಿ ಹಾದಿ. ಮತ್ತ ನನ್ನ ಮುಂದ ತಕರಾರು ಮಾಡಬಾರದು."

"ಹೂಂ ಯಪ್ಪಾ, ಮಾಡೂದಿಲ್ಲ," ಎಂದು ಅತ್ತೆ ಮಾತು ಕೊಟ್ಟಳು.

ಟ್ರೇನಿಂಗಿನ ಕೊನೆಗೆ ಪರೀಕ್ಷಕರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಅದರಲ್ಲಿ ಬಿದ್ದರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ಕಾಶವ್ವನಿಗೆ ಬಂದದ್ದು ಪೇಟೆಯ ಶಾಲೆಯ ಮೊದಲನೆಯ ತರಗತಿ, ಹತ್ತರವರೆಗಿನ ಎಣಿಕೆ. ಮಕ್ಕಳ ಕಣ್ಣಿಗೆ ಕಾಣುವಂಥದ್ದು ಬೇಕೆಂದು ಅವಳು ಅಂಗಡಿಯಿಂದ ಒಂದು ಸಣ್ಣ ಚೀಲ ಜೋಳವನ್ನೂ ಪಾವಿನ ಅಳತೆಯನ್ನೂ ಆರಿಸಿಕೊಂಡಳು. ಮನೆಯಲ್ಲಿ ಅಭ್ಯಾಸಕ್ಕೆ ಕೂತು ಪಾವಿಗೆ ಜೋಳ ತುಂಬಿ ಮರಾಠಿಯಲ್ಲಿ 'ಏಕ್' ಎಂದಳೋ ಇಲ್ಲವೋ, ಅಜ್ಜ ಒಳಗಿನಿಂದ ಹಾರಿ ಬಂದರು.

"ಕಾಳಿನ ಮ್ಯಾಲ ಹಂಗ ಅಂತಾರೇನ? ಎಣಸೂದಿದ್ರ ಕಲ್ಲ ಎಣಸು!"

ಸರಿ, ಜೋಳವನ್ನು ಪಾಠದ ದಿನಕ್ಕೆಂದು ಕಟ್ಟಿಟ್ಟು ಅತ್ತೆ ಹತ್ತು ಬೆಣಚುಕಲ್ಲು ತಂದು ಅವುಗಳಲ್ಲೇ ಅಭ್ಯಾಸ ಮಾಡಿದಳು. ಏಕ್, ದೋನ್, ತೀನ್. ವಾರದೊಳಗೆ ಅದು ನಿದ್ದೆಯಲ್ಲೂ ಬರುವಷ್ಟು ಪಕ್ಕಾ ಆಯಿತು.

ಪಾಠದ ದಿನ ಪರೀಕ್ಷಕಿ ಬಂದು ಬಾಗಿಲ ಬದಿಯ ಕುರ್ಚಿಯಲ್ಲಿ ಕೂತರು. ತೆಳ್ಳಗಿನ ಹೆಂಗಸು, ನಗು ಕಡಿಮೆ. ಹಿಂದಿನ ಗೋಡೆಯ ಬುಡದಲ್ಲಿ ಕಲ್ಲವ್ವ ಎಂಬ ಹುಡುಗಿ ಮೊಣಕಾಲು ಅಪ್ಪಿಕೊಂಡು ಕೂತಿತ್ತು. ಅವಳ ಅಪ್ಪ ಕಲಬುರ್ಗಿ ಕಡೆಯವನು, ಪೇಟೆಯಲ್ಲಿ ಚೀಲ ಹೊರುವ ಹಮಾಲ. ಶಾಲೆಗೆ ಸೇರಿದಂದಿನಿಂದ ಆ ಹುಡುಗಿ ತುಟಿ ಬಿಚ್ಚಿರಲಿಲ್ಲ. ಅವಳನ್ನು ಏನೂ ಕೇಳಬೇಡ, ನಿನ್ನ ಪಾಠ ಕೆಡುತ್ತದೆ ಎಂದು ಶಾಲೆಯವರು ಮೊದಲೇ ಎಚ್ಚರಿಸಿದ್ದರು. ಕಾಶವ್ವ ಸುಮ್ಮನೆ ಹೋಗಿ ಅವಳನ್ನು ಎಬ್ಬಿಸಿ ಮುಂದಿನ ಸಾಲಿಗೆ ತಂದು ಕೂಡಿಸಿದಳು.

ಆಮೇಲೆ ಚೀಲ ಬಿಚ್ಚಿ, ಪಾವು ತುಂಬಿ, ಬುಟ್ಟಿಗೆ ಸುರಿದು ಗಟ್ಟಿಯಾಗಿ ಅಂದಳು: "ಲಾಭ!"

ಅಂಗಡಿಯವರ ಮಗಳು ಇನ್ನೇನು ಅಂದಾಳು? ಕೈಗೆ ಅಳತೆ ಬಂದರೆ ಆ ಮನೆಯವರ ನಾಲಗೆಗೆ ಬರುವುದು ಅದೇ. ತರಗತಿ ಗೊಳ್ಳೆಂದು ನಕ್ಕಿತು. ಅದೇ ನಗು, ಹದಿನಾಲ್ಕು ವರ್ಷದ ಹಿಂದಿನದು. ಪರೀಕ್ಷಕಿ ಹುಬ್ಬು ಗಂಟಿಕ್ಕಿದರು. ಅತ್ತೆಗೆ ಬಾರ್ಸಿಯ ರೈಲು ಕೂಗಿದ್ದು ಕಿವಿಗೇ ಕೇಳಿಸಿತಂತೆ. ತಪ್ಪಾಯಿತು ಎಂದು ಹೇಳಿ ಮೊದಲಿನಿಂದ ಶುರು ಮಾಡಬೇಕೆನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು.

"ಎರಡು."

ಕಲ್ಲವ್ವ! ಆ ಹುಡುಗಿ ಅತ್ತೆಯ ಮುಖ ನೋಡುತ್ತಿರಲಿಲ್ಲ, ಪಾವನ್ನೇ ನೋಡುತ್ತಿತ್ತು. ಅಪ್ಪನ ಜೊತೆ ಅಂಗಡಿ ಅಂಗಡಿಗಳಲ್ಲಿ ಕೂತು ಕೇಳಿದ ಎಣಿಕೆ ಅದು. ಕಾಶವ್ವ ಎರಡನೆಯ ಪಾವು ಸುರಿದು ಮೂರನೆಯದನ್ನು ತುಂಬಿದಳು. "ಮೂರು," ಎಂದಿತು ಹುಡುಗಿ. ಈಗ ತರಗತಿ ನಗುತ್ತಿರಲಿಲ್ಲ, ಬೆರಗಾಗಿತ್ತು. ಕಲ್ಲವ್ವ ಕನ್ನಡದಲ್ಲಿ ಒಂದೊಂದೇ ಎಣಿಸಿದಳು, ಅತ್ತೆ ಉಳಿದವರಿಂದ ಅದನ್ನೇ ಮರಾಠಿಯಲ್ಲಿ ಹೇಳಿಸಿದಳು. ನಡುವೆ ಹುಡುಗಿ ಒಂದು ಕಡೆ ತಡವರಿಸಿತು. ಪರೀಕ್ಷಕಿ ಗಡಿಯಾರ ನೋಡಿ ಸಾಕೆಂದು ಕೈಸನ್ನೆ ಮಾಡಿದರು. ಅತ್ತೆ ಕಂಡೂ ಕಾಣದವಳಂತೆ ಪಾವು ಹಿಡಿದು ಕಾದಳು. ಗಂಟೆ ಬಾರಿಸಿದ ಮೇಲೆ ಹುಡುಗಿ ಹತ್ತಕ್ಕೆ ಬಂದು ಮುಟ್ಟಿತು.

"ಒಬ್ಬಳಿಗಾಗಿ ಹೊತ್ತು ಮೀರಿದಿರಿ. ಇದಕ್ಕೆ ಅಂಕ ಹೋಗುತ್ತದೆಂದು ಗೊತ್ತಿಲ್ಲವೆ?" ಎಂದು ಪರೀಕ್ಷಕಿ ಮರಾಠಿಯಲ್ಲಿ ಕೇಳಿದರು.

"ಗೊತ್ತಿದೆ ಬಾಯಿಸಾಹೇಬರೇ. ಆದರೆ ಮಗು ಮನೆಯಿಂದ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಏನು ತಂದಿದೆಯೆಂದು ಮೊದಲು ನೋಡಬೇಕು, ಆಮೇಲೆ ನಾವು ಕೊಡಬೇಕು. ಇವತ್ತು ನಾನು ಇವಳ ಬಾಯಿ ಮುಚ್ಚಿಸಿದ್ದರೆ ಇವಳು ಮತ್ತೆ ತೆರೆಯುತ್ತಿರಲಿಲ್ಲ. ನನಗದು ಗೊತ್ತು," ಎಂದಳು ಅತ್ತೆ.

ಪರೀಕ್ಷಕಿ ವಹಿಯಲ್ಲಿ ಅಂಕ ಬರೆದುಕೊಂಡು ಎದ್ದರು. ಹೋಗುವಾಗ ಕಲ್ಲವ್ವನ ಗಲ್ಲ ಹಿಡಿದು ಅಲ್ಲಾಡಿಸಿದರು, ಅಷ್ಟೆ.

ಫಲಿತಾಂಶ ಬಂದಾಗ ಕಾಶವ್ವ ಪಾಸಾಗಿದ್ದಳು, ಮೂರನೆಯ ದರ್ಜೆಯಲ್ಲಿ. ದರ್ಜೆಯ ಮಾತು ಕರಾರಿನಲ್ಲಿ ಇರಲಿಲ್ಲವಾದ್ದರಿಂದ ಅಜ್ಜ ಬಾರ್ಸಿಯವರಿಗೆ ಇಲ್ಲವೆಂದು ಹೇಳಿ ಕಳಿಸಿದರು. ಮಗಳು ಗೆದ್ದದ್ದು ತಮ್ಮ ಪದ್ಧತಿಯಿಂದಲೇ ಎಂದು ಕೊನೆಯವರೆಗೂ ಪೇಟೆಯ ತುಂಬ ಹೇಳಿಕೊಂಡು ತಿರುಗಿದರು.

ಅತ್ತೆಗೆ ಅದೇ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಅವಳು ಮಕ್ಕಳ ತಲೆ ಮುಟ್ಟಿ ಎಣಿಸುತ್ತಿದ್ದಳು. ಮೊದಲು ಬಂದ ಮಗುವೇ ಲಾಭ. ಅದಕ್ಕಾಗಿ ಮಕ್ಕಳು ಓಡೋಡಿ ಬರುತ್ತಿದ್ದರು.

ನನ್ನನ್ನು ಶಾಲೆಗೆ ಹಾಕಿದ್ದು ಸಾವಿರದ ಒಂಬೈನೂರ ನಲವತ್ತೊಂದರಲ್ಲಿ. ನನಗೂ ಮರಾಠಿ ಬರುತ್ತಿರಲಿಲ್ಲ. ಅಜ್ಜನ ಧೋತರ ಬಿಡದೆ ಅತ್ತು ರಂಪ ಮಾಡಿ ಶಾಲೆ ಮುಟ್ಟುವಷ್ಟರಲ್ಲಿ ಎಣಿಕೆ ಮುಗಿದಿತ್ತು. ನಾನು ಸೀದಾ ಹೋಗಿ ಹಿಂದಿನ ಗೋಡೆಗೆ ಅಂಟಿ ನಿಂತೆ. ಅತ್ತೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು "ಲಾಭ" ಎಂದಳು. ಮೊದಲು ಬಂದಿದ್ದ ಹುಡುಗ ಎದ್ದು ನಿಂತು, ಇವತ್ತಿನ ಲಾಭ ತಾನೇ ಎಂದು ಜಗಳ ತೆಗೆದ.

ಅತ್ತೆ ಏನಾದರೂ ಹೇಳುವ ಮೊದಲೇ ಬಾಗಿಲಲ್ಲಿದ್ದ ಅಜ್ಜ ಹರಕುಮುರುಕು ಮರಾಠಿಯಲ್ಲಿ ಅವನನ್ನು ಸಮಾಧಾನ ಮಾಡಿ, ಮಗಳ ಕಡೆ ತಿರುಗಿ ಅಂದರು: "ಎಣಸವ್ವ, ಎಣಸು. ದಿನಕ್ಕ ಎರಡು ಲಾಭ ಆದ್ರ ಅಂಗಡಿ ಏನ ಮುಳಗೂದಿಲ್ಲ."

ಅತ್ತೆಯ ಕೈ ನನ್ನ ತಲೆಯ ಮೇಲೆ ಹಾಗೆಯೇ ಇತ್ತು. ನಾನು ಕಣ್ಣೊರೆಸಿಕೊಂಡು "ಎರಡು" ಎಂದೆ.