ಯಜಮಾನರು ಹೊಲಿದ ಗ್ರಹ

ನಮ್ಮ ಯಜಮಾನರು ದರ್ಜಿ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಜಗಳವಾಡಬಲ್ಲವರು.

ಒಂದು ದಿನ ತಾರಾಲಯದ ಮೇಡಂ ಅಂಗಡಿಗೆ ಬಂದರು. ಸೂರ್ಯನನ್ನಲ್ಲ, ಬೇರೆ ಯಾವುದೋ ನಕ್ಷತ್ರವನ್ನು ಸುತ್ತುವ ಗ್ರಹವೊಂದಿದೆಯಂತೆ. ಮಕ್ಕಳು ಮುಟ್ಟಿ ನೋಡಲು ಅದರ ಬಟ್ಟೆಯ ಗೋಳ ಬೇಕಂತೆ, ಪಕ್ಕದ ಭೂಮಿಯ ಗೋಳಕ್ಕೆ ತಾಳೆಯಾಗುವ ಅಳತೆಯಲ್ಲಿ.

“ಬಣ್ಣ ಯಾವುದಮ್ಮಾ?”

“ಯಾರೂ ನೋಡಿಲ್ಲ ಮಾಸ್ಟರೇ.”

“ನೋಡದೇ ಅಳತೆ ತಗೊಂಡ್ರಾ?”

“ಅದು ನಕ್ಷತ್ರಕ್ಕೆ ಅಡ್ಡ ಬಂದಾಗ ಬೆಳಕು ಚೂರು ಕಮ್ಮಿಯಾಗುತ್ತೆ. ಅದನ್ನ ನೋಡಿ ಲೆಕ್ಕ ಹಾಕ್ತೀವಿ. ಅಲ್ಲಿ ಹನ್ನೊಂದು ದಿನಕ್ಕೇ ಒಂದು ವರ್ಷ. ಬಹುಶಃ ಒಂದು ಮಗ್ಗುಲಲ್ಲಿ ಸದಾ ಹಗಲು, ಇನ್ನೊಂದರಲ್ಲಿ ಸದಾ ರಾತ್ರಿ. ಬಣ್ಣ ನಿಮ್ಮಿಷ್ಟ.”

ಇವರ ಕಿವಿ ನೆಟ್ಟಗಾಯಿತು. “ಲೇ ಇವಳೇ, ಅಲ್ಲೇ ಅಂಗಡಿ ಇಡೋಣ. ವರ್ಷಕ್ಕೊಂದು ಜೊತೆ ಹೊಲಿಸಿದ್ರೂ ಸಾಕು!”

ಹಗಲಿಗೆ ಇಟ್ಟಿಗೆಗೆಂಪು, ರಾತ್ರಿಗೆ ಕಡುನೀಲಿ. ನಡುವೆ ಬೆರಳಗಲ ಹಸಿರು ಪಟ್ಟಿ. ಅಲ್ಲಿ ಯಾವಾಗಲೂ ಸಂಜೆ, ಜನ ಇದ್ದರೆ ಅಲ್ಲೇ ಎಂದರು ಇವರು.

“ಮೂರು ಹೊತ್ತೂ ಸಂಜೆಯಾದ್ರೆ ಚಹಾ ಕಾಯಿಸೋಳು ಯಾರು? ನಾನಂತೂ ಬರಲ್ಲ,” ಎಂದೆ.

ಹೋದ ವರ್ಷ ಅವರು ತೀರಿಹೋದರು. ಎದೆನೋವು. ಆಸ್ಪತ್ರೆ ಮುಟ್ಟಲಿಲ್ಲ.

ಮೊನ್ನೆ ಮೇಡಂ ಗೋಳ ಹೊತ್ತುಕೊಂಡು ಬಂದರು. ಮುಖ ಸಪ್ಪೆ. ನಕ್ಷತ್ರವನ್ನು ಮತ್ತೆ ಅಳೆದರಂತೆ. ಅದು ಅಂದುಕೊಂಡದ್ದಕ್ಕಿಂತ ದೊಡ್ಡದು, ಹಾಗಾಗಿ ಗ್ರಹವೂ ದೊಡ್ಡದು.

“ಅಮ್ಮಾ, ದೊಡ್ಡದು ಮಾಡೋಕಾಗದಿದ್ರೆ ಇದನ್ನ ತೆಗೆದು ಪ್ಲಾಸ್ಟಿಕ್ಕಿಂದು ಹಾಕ್ತಾರೆ.”

“ಅವರ ಹೊಲಿಗೆ. ನಾನು ಬಿಚ್ಚೋಳಲ್ಲ. ನನಗೇ ಕೊಟ್ಟುಬಿಡಿ.”

“ತಗೊಳ್ಳಿ. ಆದ್ರೆ ಮಕ್ಕಳು ದಿನಾ ಆ ಹಸಿರು ಪಟ್ಟಿಗೇ ಕಿತ್ತಾಡ್ತಾರೆ. ಇಲ್ಲಿ ನಮ್ಮನೆ, ಅಲ್ಲಿ ನಿಮ್ಮನೆ ಅಂತ.”

ಗೋಳವನ್ನು ಮಡಿಲಿಗೆಳೆದು ಆ ಪಟ್ಟಿಯನ್ನು ಸವರಿದೆ. ಆಮೇಲೆ ಕತ್ತರಿ ತೆಗೆದೆ. ಬಿಚ್ಚಿ ನೋಡಿದರೆ, ಪ್ರತಿ ಹೊಲಿಗೆಯ ಒಳಗೂ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟಿದ್ದಾರೆ!

“ಅಳತೆ ಬದಲಾಗುತ್ತೆ ಅಂತ ಮಾಸ್ಟರಿಗೆ ಗೊತ್ತಿತ್ತಾ?”

“ಏನೂ ಗೊತ್ತಿರಲಿಲ್ಲಮ್ಮ. ನಲವತ್ತು ದಾಟಿದ ಮದುಮಗನಿಗೂ ‘ಬೆಳೆಯೋ ಮೈ’ ಅಂತ ಬಟ್ಟೆ ಬಿಡ್ತಿದ್ರು. ಬೈಸ್ಕೊಳ್ತಿದ್ರು.”

ಮೇಡಂ ನಕ್ಕರು. ನಾನು ಅಳತೆಗೆ ಸೀಮೆಸುಣ್ಣದ ಗೆರೆ ಎಳೆದು, ಯಜಮಾನರ ಮಿಷನ್ನಿನ ಮುಂದೆ ಕೂತು ತುಳಿದೆ. ನಾನು ಬರೀ ಗುಂಡಿ ಹಚ್ಚುತ್ತಿದ್ದವಳು. ಹಸಿರು ಪಟ್ಟಿಯ ಹತ್ತಿರ ಹೊಲಿಗೆ ಸೊಟ್ಟಗಾಯಿತು.

“ಕಾಣಲ್ಲ ಬಿಡಿ,” ಎಂದರು ಮೇಡಂ.

“ಕಾಣಲಿ ಬಿಡಮ್ಮ. ಬೈಯೋಕೆ ಅವರಿಲ್ಲ.”

ಹೇಳಿ ನಾನೇ ನಕ್ಕೆ. ಅರಿವೆ ಚೂರು ಇನ್ನಷ್ಟು ತುಂಬಿ, ಬಾಯಿ ಹೊಲಿದು ಗೋಳವನ್ನು ಮೇಡಂ ಕೈಗಿತ್ತೆ.